ವೃತ್ತಿ: ಇಲ್ಲ

ಅಜ್ಜಿ ತೀರಿಕೊಂಡ ವಾರದಲ್ಲೇ ಮಾವ ಮರಣ ನೋಂದಣಿಯ ಫಾರಂ ತುಂಬಿ ಮೇಜಿನ ಮೇಲಿಟ್ಟಿದ್ರು. ನಾನು ಸುಮ್ನೆ ಕಣ್ಣಾಡಿಸ್ತಾ ಹೋದೆ. ಹೆಸರು, ಗಂಡನ ಹೆಸರು, ವಯಸ್ಸು. ಆಮೇಲೆ ‘ಮೃತರ ವೃತ್ತಿ’ ಅಂತ ಒಂದು ಕಾಲಂ. ವೃತ್ತಿ ಇಲ್ಲದಿದ್ರೆ ‘ಇಲ್ಲ’ ಅಂತ ಬರೀರಿ ಅಂತ ಅಲ್ಲೇ ಸೂಚನೆ ಇರುತ್ತೆ. ಮಾವ ಸೂಚನೆ ಪಾಲಿಸಿದ್ರು. ನೀಲಿ ಪೆನ್ನಲ್ಲಿ, ಚೆಂದದ ಅಕ್ಷರದಲ್ಲಿ: ಇಲ್ಲ.

ಮಾವನ್ನ ಬೈಯೋಕೆ ಈ ವಿಡಿಯೋ ಮಾಡ್ತಿಲ್ಲ. ನನ್ನ ಕೈಗೆ ಪೆನ್ನು ಕೊಟ್ಟಿದ್ರೂ ಆವತ್ತು ನಾನೂ ಅದನ್ನೇ ಬರೀತಿದ್ದೆ.

ನಮ್ಮಜ್ಜಿ ಏನ್ ಮಾಡ್ತಿದ್ಲು ಹೇಳ್ತೀನಿ ಕೇಳಿ. ಆರು ಮಕ್ಕಳನ್ನ ಸಾಕಿದ್ಲು, ಅದು ಬಿಡಿ, ಆ ಕಾಲದಲ್ಲಿ ಎಲ್ಲರ ಮನೇಲೂ ಇದ್ದದ್ದೇ. ಅವಳ ನಿಜವಾದ ಕಸುಬು ಬಾಣಂತನ. ಹೆಣ್ಣುಮಕ್ಕಳು ಒಬ್ಬರಾದ ಮೇಲೆ ಒಬ್ಬರು ಹೆರಿಗೆಗೆ ಅಂತ ತವರಿಗೆ ಬರೋರು. ಬೆಳಗಿನ ಜಾವ ನಾಲ್ಕಕ್ಕೆ ಹಂಡೆ ಒಲೆಗೆ ಸೌದೆ ಬೀಳೋದು. ಬಾಣಂತಿಗೆ ಮೈತುಂಬ ಎಣ್ಣೆ ತಿಕ್ಕಿ, ಸುಡುಸುಡು ನೀರು ಹೊಯ್ದು, ಹೊಟ್ಟೆಗೆ ಹಳೇ ಸೀರೆ ಬಿಗಿದು, ತಲೆಗೆ ಬಟ್ಟೆ ಕಟ್ಟಿ, ಕಂಬಳಿ ಹೊದಿಸಿ ಮಲಗಿಸಿದ ಮೇಲೆ ಮಗುವಿನ ಸರದಿ. ಗೋಡೆಗೆ ಒರಗಿ ಎರಡೂ ಕಾಲು ಚಾಚಿ ಕೂತು, ಮಗುನ ಕಾಲ ಮೇಲೆ ಬೋರಲು ಹಾಕ್ಕೊಳ್ಳೋಳು. ನೀರಿನ ಬಿಸಿ ನೋಡೋಕೆ ಬೆರಳು ಅದ್ದುತಿರಲಿಲ್ಲ, ಮೊಣಕೈ ಅದ್ದೋಳು. ಒಲೆ ಮುಂದೆ ಬೆಂದ ಬೆರಳಿಗೆ ಬಿಸಿ ಗೊತ್ತಾಗಲ್ಲ ಕಣೆ, ಅನ್ನೋಳು. ಮಗು ಅತ್ತ ದನಿಯಲ್ಲೇ ಹಸಿವೋ, ಹೊಟ್ಟೆನೋವೋ, ಬರೀ ಹಠವೋ ಹೇಳಿಬಿಡೋಳು. ಹೆಚ್ಚು ಸಲ ಸರಿ ಇರೋದು. ಮಧ್ಯಾಹ್ನಕ್ಕೆ ಮೆಣಸು ಬೆಳ್ಳುಳ್ಳಿ ಸಾರು, ಹಾಲು ಬರಲಿ ಅಂತ ಸಬ್ಬಸಿಗೆ ಸೊಪ್ಪು. ಇಡೀ ಮನೆ ಮಲಗಿದ ಮೇಲೆ ಬಾಣಂತಿ ಕೋಣೆ ಬಾಗಿಲಲ್ಲಿ ಚಾಪೆ. ಮೂರು ತಿಂಗಳು ಹೀಗೇ, ಒಂದೊಂದು ಸಲ ಐದು.

ಅವಳು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳಲ್ಲ. ಬಾಣಂತಿಗೆ ನೀರು ಕುಡಿಯೋಕೆ ಬಿಡ್ತಿರಲಿಲ್ಲ, ಹೊಟ್ಟೆ ಬರುತ್ತೆ ಅಂತ. ನಮ್ಮಮ್ಮ ಬಚ್ಚಲಲ್ಲಿ ಕದ್ದು ಕುಡೀತಿದ್ಲಂತೆ. ಎಳೇ ಮಗುವಿಗೆ ಸಾಮ್ರಾಣಿ ಹೊಗೆ ಹಾಕೋದು, ಮೊದಲ ಹಾಲು ಹಿಂಡಿ ಚೆಲ್ಲಿಸೋದು, ಇವೆಲ್ಲ ತಪ್ಪು. ಮೊದಲ ಹಾಲಿನ ವಿಷಯದಲ್ಲಿ ಮಾತ್ರ ನರ್ಸಮ್ಮ ಒಬ್ಬರು ಕೂರಿಸ್ಕೊಂಡು ಹೇಳಿದ ಮೇಲೆ ಬದಲಾದ್ಲು. ಹೊಗೆ ಬಿಡಲಿಲ್ಲ. ನನ್ನ ಬಾಣಂತನದಲ್ಲಿ ಆ ಹೊಗೆ ವಿಷಯಕ್ಕೆ ನನಗೂ ಅವಳಿಗೂ ಎರಡು ದಿನ ಮಾತಿರಲಿಲ್ಲ.

ನಮ್ಮ ತುಮಕೂರು ಜಿಲ್ಲೆಯವರೇ ಒಬ್ಬರು ಇದ್ರು, ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಹನ್ನೆರಡು ವರ್ಷಕ್ಕೇ ಮದುವೆ. ಹನ್ನೆರಡು ಮಕ್ಕಳನ್ನ ಹೆತ್ತು, ನಾಲ್ಕನ್ನ ಕಳ್ಕೊಂಡವರು. ವಿದ್ಯೆ ಕಲಿತದ್ದು ತಮ್ಮ ಅಜ್ಜಿಯಿಂದ. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ರು, ದುಡ್ಡು ತಗೊಳ್ದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡ್ರು. ಟಿವಿಯಲ್ಲಿ ಅವರನ್ನ ತೋರಿಸ್ದಾಗ ನಮ್ಮಜ್ಜಿ ಅವರ ಕೈಯನ್ನೇ ನೋಡ್ತಿದ್ಲು. “ಆಯಮ್ಮಂದು ಹೆರೋಗಂಟ, ನಂದು ಹೆತ್ತ ಮೇಲಿಂದು” ಅಂದ್ಲು. ಒಬ್ಬ ಮೇಸ್ತ್ರಿ ಇನ್ನೊಬ್ಬ ಮೇಸ್ತ್ರಿಯ ಗೋಡೆ ನೋಡಿ ಮಾತಾಡ್ತಾನಲ್ಲ, ಹಾಗೆ. ತನ್ನದು ಒಂದು ಕಸುಬು ಅಂತ ಅವಳಿಗೆ ಗೊತ್ತಿತ್ತು. ಗೊತ್ತಿಲ್ದೆ ಇದ್ದದ್ದು ನಮಗೆ.

ನನ್ನ ತಕರಾರು ಇರೋದು ಇಲ್ಲೇ. ಶ್ರದ್ಧಾಂಜಲಿ ಫ್ಲೆಕ್ಸಲ್ಲಿ ನಾವು ಹಾಕಿಸಿದ್ದು ‘ಮಮತಾಮಯಿ, ತ್ಯಾಗಮಯಿ’. ಪ್ರೀತಿ ಇರಲಿಲ್ಲ ಅಂತಲ್ಲ, ಬೇಕಾದಷ್ಟಿತ್ತು. ಆದ್ರೆ ತ್ಯಾಗ ಅಂದುಬಿಟ್ರೆ ನಮಗೆ ಸಲೀಸು, ಲೆಕ್ಕ ಕೇಳೋರೇ ಇರಲ್ಲ. ಈಗ ಬೆಂಗಳೂರಲ್ಲಿ ಇದೇ ಕೆಲಸಕ್ಕೆ ಏಜೆನ್ಸಿಗಳಿವೆ. ಎಣ್ಣೆ ತಿಕ್ಕೋದಕ್ಕೆ ಇಷ್ಟು, ಮಗುವಿನ ನೀರಿಗೆ ಇಷ್ಟು, ರಾತ್ರಿ ಇರೋದಾದ್ರೆ ಇನ್ನಷ್ಟು. ಮುಂಗಡ ಕೊಟ್ಟು ಬುಕ್ ಮಾಡ್ತೀವಿ, ಆಯಮ್ಮ ಒಂದು ದಿನ ರಜ ಹಾಕಿದ್ರೆ ಮನೆಯೆಲ್ಲ ತಲ್ಲಣ. ಅಜ್ಜಿಗೆ ರಜ ಅಂತ ಒಂದಿರಬಹುದು ಅಂತಾನೇ ನಮಗೆ ಹೊಳೆದಿರಲಿಲ್ಲ.

ಇದು ನಮ್ಮನೆ ಒಂದರ ಕಥೆ ಅಲ್ಲ. 2001ರ ಜನಗಣತಿಯಲ್ಲಿ ಮನೆಗೆಲಸ ಮಾಡೋ ಹೆಂಗಸರನ್ನ ‘ಕೆಲಸ ಮಾಡದವರು’ ಅಂತ ಭಿಕ್ಷುಕರು, ಕೈದಿಗಳ ಜೊತೆ ಒಂದೇ ಗುಂಪಿಗೆ ಹಾಕಿದ್ರು. ಒಬ್ಬ ಗೃಹಿಣಿ ರಸ್ತೆ ಅಪಘಾತದಲ್ಲಿ ಸತ್ತು, ಪರಿಹಾರದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದಾಗ, 2010ರಲ್ಲಿ, ಕೋರ್ಟು ಇದನ್ನ ಎತ್ತಿ ಖಂಡಿಸಿತು. ಹೆಂಗಸಿನ ಕೆಲಸಕ್ಕೆ ಬೆಲೆ ಎಷ್ಟು ಅನ್ನೋ ಪ್ರಶ್ನೆ ನಮ್ಮಲ್ಲಿ ಬರೋದೇ ಹೀಗೆ, ಲಾರಿ ಗುದ್ದಿದ ಮೇಲೆ. 2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆಯ ಸಮೀಕ್ಷೆ ಮಾಡಿಸ್ತು. ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97. ಗಂಡಸರ ಆ 97 ಕೂಡ ಮನೆಗೆಲಸಕ್ಕೆ ಕೈ ಹಾಕಿದವರ ಸರಾಸರಿ. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಗಂಡಸರು ಆ ದಿನ ಕೈಯೇ ಹಾಕಿರಲಿಲ್ಲ.

ಇರಲಿ. ತಿಥಿ ದಿನದ ಮಾತು ಹೇಳಿ ಮುಗಿಸ್ತೀನಿ. ಊಟ ಆಗಿ ಎಲೆ ಎತ್ತಿದ್ದರು. ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ ಎಲ್ಲ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ರು. ನಾನು ಫಾರಂ ವಿಷಯ ತೆಗೆದೆ. ಅಜ್ಜಿ ಒಟ್ಟು ಎಷ್ಟು ಬಾಣಂತನ ಮಾಡಿದಾಳೆ, ಲೆಕ್ಕ ಹಾಕಿ ನೋಡೋಣ ಅಂದೆ. ದೊಡ್ಡಮ್ಮ ಬೆರಳು ಮಡಚೋಕೆ ಶುರು ಮಾಡಿದ್ರು. ತನ್ನದು ಮೂರು, ಅಮ್ಮಂದು ಎರಡು, ಚಿಕ್ಕಮ್ಮಂದು ಒಂದು. ಅತ್ತೆಗೆ ತಾಯಿ ಇರಲಿಲ್ಲ, ಹಾಗಾಗಿ ಸೊಸೆ ಆದ್ರೂ ಅವರ ಎರಡೂ ಇಲ್ಲೇ ಆಗಿದ್ದು. ಮೊಮ್ಮಕ್ಕಳಲ್ಲಿ ನಂದು, ನಮ್ಮಕ್ಕಂದು. ಹತ್ತಾಯ್ತು. ಅಲ್ಲ ಕಣೆ, ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಟೀಚರ್‌ದು ಬಿಟ್ಟೆ, ಅಂದ್ಲು ಅಮ್ಮ. ಹನ್ನೊಂದು.

ಚಿಕ್ಕಮ್ಮ ಅಲ್ಲೀವರೆಗೂ ಮಾತಾಡಿರಲಿಲ್ಲ. ಅಡಿಕೆ ಕತ್ತರಿಸ್ತಾ ಇದ್ದವಳು ತಲೆ ಎತ್ತದೇನೇ ಕೇಳಿದ್ಲು: “ನಂದು ಮೊದಲ್ನೇದು ಸೇರಿಸಿದ್ರಾ?”

ಯಾರೂ ಸೇರಿಸಿರಲಿಲ್ಲ. ಆ ಮಗು ಉಳಿದಿರಲಿಲ್ಲ. ಆದ್ರೂ ಅಜ್ಜಿ ಮೂರು ತಿಂಗಳು ದಿನಾ ನಾಲ್ಕಕ್ಕೆದ್ದು ಹಂಡೆ ಕಾಯಿಸಿ ಚಿಕ್ಕಮ್ಮನಿಗೆ ನೀರು ಹೊಯ್ದಿದ್ಲು, ಎಣ್ಣೆ ತಿಕ್ಕಿದ್ಲು, ಬಾಗಿಲಲ್ಲಿ ಚಾಪೆ ಹಾಸ್ಕೊಂಡು ಮಲಗಿದ್ಲು.

ದೊಡ್ಡಮ್ಮ ಇನ್ನೊಂದು ಬೆರಳು ಮಡಚಿದ್ರು.