ಒಂಟಿಗಣ್ಣಿನ ಫ್ರಾಂಕ್ ಮೆಗೀ

ಕೇಳುಗರಿಗೆ ನಮಸ್ಕಾರ.

1905ರ ಜನವರಿ 16. ಕೆನಡಾದ ಒಟ್ಟಾವಾದಲ್ಲಿ ಸ್ಟಾನ್ಲಿ ಕಪ್ ಪಂದ್ಯ. ಐಸ್ ಹಾಕಿ ಆಡುವವರಿಗೆ ಅದಕ್ಕಿಂತ ದೊಡ್ಡ ಕಪ್ ಇನ್ನೊಂದಿಲ್ಲ. ಅವತ್ತು ಒಬ್ಬರೇ ಆಟಗಾರರು 14 ಗೋಲು ಹೊಡೆದರು. ಅದರಲ್ಲಿ ಎಂಟು ಗೋಲು ಒಂದರ ಹಿಂದೊಂದು, ಒಂಬತ್ತು ನಿಮಿಷದೊಳಗೆ ಬಂದವು. ಅವರ ಹೆಸರು ಫ್ರಾಂಕ್ ಮೆಗೀ. ವಯಸ್ಸು 22. ಒಂದು ಕಣ್ಣು ಕಾಣಿಸುತ್ತಿರಲಿಲ್ಲ.

ಮೆಗೀ ಹುಟ್ಟಿದ್ದು ಒಟ್ಟಾವಾದಲ್ಲೇ, 1882ರಲ್ಲಿ. ಊರಿಗೆಲ್ಲ ಗೊತ್ತಿದ್ದ ಮನೆತನ. ಅವರ ದೊಡ್ಡಪ್ಪ ಡಾರ್ಸಿ ಮೆಗೀ ಕೆನಡಾ ದೇಶ ಕಟ್ಟಿದ ನಾಯಕರಲ್ಲಿ ಒಬ್ಬರು. 1868ರಲ್ಲಿ ಗುಂಡೇಟಿಗೆ ಬಲಿಯಾದವರು. ಫ್ರಾಂಕ್ ಸರ್ಕಾರಿ ನೌಕರಿ ಹಿಡಿದರು. ಹಗಲು ಕಚೇರಿ, ಸಂಜೆ ಹಾಕಿ. ಆಟಕ್ಕೆ ಸಂಬಳ ಇರಲಿಲ್ಲ. ಅವರು ಆಡುತ್ತಿದ್ದ ಲೀಗ್‌ಗಳಲ್ಲಿ ಹವ್ಯಾಸಿಗಳಿಗೆ ಮಾತ್ರ ಜಾಗ.

1900ರಲ್ಲಿ ಒಂದು ಸಹಾಯಾರ್ಥ ಪಂದ್ಯ ನಡೆಯಿತು. ಅಲ್ಲಿ ಬಿದ್ದ ಏಟಿಗೆ ಮೆಗೀ ಒಂದು ಕಣ್ಣಿನ ದೃಷ್ಟಿ ಹೋಯಿತು. ಆಗಿನ ಆಟ ಎಷ್ಟು ಒರಟು ಅಂತ ಸ್ವಲ್ಪ ಊಹಿಸಿಕೊಳ್ಳಿ. ಹೆಲ್ಮೆಟ್ ಇಲ್ಲ, ಮುಖಕ್ಕೆ ಜಾಲರಿ ಇಲ್ಲ. ಗಟ್ಟಿ ರಬ್ಬರಿನ ಬಿಲ್ಲೆ, ಅಂದರೆ ಪಕ್, ಹಾರಿ ಬರುತ್ತದೆ, ಕೋಲುಗಳು ಬೀಸುತ್ತವೆ. ಒಂದು ಕಡೆಯಿಂದ ಯಾರು ನುಗ್ಗಿ ಬರುತ್ತಿದ್ದಾರೆ ಅನ್ನೋದೇ ಕಾಣದವರು ಅಲ್ಲಿ ಸ್ಕೇಟ್ ಕಟ್ಟಿ ಇಳಿಯಬೇಕು. ಸ್ವಲ್ಪ ಕಾಲ ಮೆಗೀ ರೆಫರಿಯಾಗಿ ಇದ್ದರು. ಮನಸ್ಸು ತಡೆಯಲಿಲ್ಲ. 1903ರಲ್ಲಿ ಒಟ್ಟಾವಾ ತಂಡ ಸೇರಿಯೇಬಿಟ್ಟರು. ಅದೇ ವರ್ಷ ತಂಡ ಸ್ಟಾನ್ಲಿ ಕಪ್ ಗೆದ್ದಿತು. 1906ರವರೆಗೂ ಬಿಟ್ಟುಕೊಡಲಿಲ್ಲ.

ಈಗ ಆ 14 ಗೋಲಿನ ವಿಷಯ. ಎದುರಾಳಿಗಳು ಡಾಸನ್ ಸಿಟಿಯವರು. ಅದು ಕೆನಡಾದ ವಾಯವ್ಯ ತುದಿಯ ಯೂಕಾನ್‌ನ ಚಿನ್ನದ ಗಣಿ ಊರು. ಡಿಸೆಂಬರ್ ಚಳಿಯಲ್ಲಿ ಹೊರಟು, ನಾಯಿಗಾಡಿ, ಸೈಕಲ್, ಕಾಲ್ನಡಿಗೆ, ಹಡಗು, ರೈಲು ಎಲ್ಲ ಆಗಿ, ಸುಮಾರು 6,400 ಕಿಲೋಮೀಟರ್ ದಾಟಿ ಬಂದಿದ್ದರು. ದಣಿವಾರಿಸಿಕೊಳ್ಳೋದಕ್ಕೂ ಪುರಸೊತ್ತು ಸಿಗಲಿಲ್ಲ. ಮೊದಲ ಪಂದ್ಯ 9-2ರಲ್ಲಿ ಸೋತರು. ಅದರಲ್ಲಿ ಮೆಗೀ ಹೊಡೆದದ್ದು ಒಂದೇ ಗೋಲು. ಇಷ್ಟೇನಾ ಇವರ ಆಟ ಅಂತ ಡಾಸನ್‌ನವರು ಯಾರೋ ಆಡಿಕೊಂಡರಂತೆ. ಎರಡನೇ ಪಂದ್ಯ 23-2. ಡಾಸನ್ ಗೋಲ್‌ಕೀಪರ್ ಆಲ್ಬರ್ಟ್ ಫಾರೆಸ್ಟ್ ಇನ್ನೂ ಎಳೆಯ ಹುಡುಗ. ಅವತ್ತು ಪಾಪ ಆ ಹುಡುಗ ಎಷ್ಟು ಹೊಡೆತ ತಡೆದರೋ! ಅವರಿಲ್ಲದಿದ್ದರೆ ಅಂಕ ಇನ್ನೂ ಜಾಸ್ತಿ ಆಗುತ್ತಿತ್ತು ಅಂತ ಆಗಿನ ಪತ್ರಿಕೆಗಳೇ ಬರೆದವು.

ದಾಖಲೆ ದೊಡ್ಡದೇ. ಆದರೆ ದಣಿದು ಬಂದವರ ಮೇಲೆ ಹೊಡೆದ 14 ಗೋಲಿಗಿಂತ, ಎರಡು ತಿಂಗಳ ನಂತರ ಹೊಡೆದ ಒಂದು ಗೋಲು ನನಗೆ ಹೆಚ್ಚು ಅನ್ನಿಸುತ್ತದೆ. ಮಾರ್ಚ್‌ನಲ್ಲಿ ರ್‍ಯಾಟ್ ಪೋರ್ಟೇಜ್ ಊರಿನ ಥಿಸಲ್ಸ್ ತಂಡ ಕಪ್‌ಗಾಗಿ ಸವಾಲು ಹಾಕಿತು. ಗಾಳಿಯ ಹಾಗೆ ಸ್ಕೇಟ್ ಮಾಡುವ ಹುಡುಗರು. ಮೊದಲ ಪಂದ್ಯಕ್ಕೆ ಮೆಗೀ ಇರಲಿಲ್ಲ. ಒಟ್ಟಾವಾ 9-3ರಲ್ಲಿ ಸೋತಿತು. ಎರಡನೆಯದನ್ನು 4-2ರಲ್ಲಿ ಗೆದ್ದಿತು. ಕೊನೆಯ ಪಂದ್ಯದಲ್ಲಿ ಮೆಗೀ ಮಣಿಕಟ್ಟಿಗೆ ಪೆಟ್ಟಾಗಿತ್ತು. ಎದುರಾಳಿಗಳು ಅಲ್ಲೇ ಬಾರಿಸುತ್ತಾರೆ ಅಂತ ಗೊತ್ತಲ್ವಾ? ಅದಕ್ಕೆ ಚೆನ್ನಾಗಿದ್ದ ಕೈಗೆ ದಪ್ಪ ಬ್ಯಾಂಡೇಜು ಸುತ್ತಿ, ನೋವಿದ್ದ ಕೈಗೆ ತೆಳ್ಳಗೆ ಕಟ್ಟಿಕೊಂಡು ಇಳಿದರಂತೆ. ಪಂದ್ಯ 5-4. ಗೆಲುವಿನ ಗೋಲು ಮೆಗೀ ಅವರದೇ.

1906ರಲ್ಲಿ ಕಪ್ ಮಾಂಟ್ರಿಯಲ್ ವಾಂಡರರ್ಸ್ ಪಾಲಾಯಿತು. ಮೆಗೀ ಆಟ ಬಿಟ್ಟರು. ವಯಸ್ಸು ಇನ್ನೂ 23. ಲೀಗ್‌ನಲ್ಲಿ ಒಟ್ಟು 23 ಪಂದ್ಯ ಆಡಿ 71 ಗೋಲು. ಅದೇ ವರ್ಷದ ಕೊನೆಗೆ ಲೀಗ್‌ನಲ್ಲಿ ಹಣಕ್ಕೆ ಆಡುವವರಿಗೂ ಬಾಗಿಲು ತೆರೆಯಿತು. ಮೆಗೀ ಹಿಂತಿರುಗಲಿಲ್ಲ, ಸರ್ಕಾರಿ ಕೆಲಸದಲ್ಲೇ ಉಳಿದರು.

1914ರಲ್ಲಿ ಮಹಾಯುದ್ಧ ಶುರುವಾಯಿತು. ಒಂಟಿಗಣ್ಣಿನವರನ್ನು ಸೈನ್ಯಕ್ಕೆ ಯಾರು ಸೇರಿಸಿಕೊಳ್ಳುತ್ತಾರೆ? ಮನೆಯವರು ಹೇಳುತ್ತಾ ಬಂದ ಕಥೆ ಹೀಗಿದೆ. ಒಂದು ಕಣ್ಣು ಮುಚ್ಚಿ ಓದಿ ಅಂದರು ಡಾಕ್ಟರು. ಮೆಗೀ ಕುರುಡು ಕಣ್ಣು ಮುಚ್ಚಿ ಓದಿದರು. ಈಗ ಇನ್ನೊಂದು ಕಣ್ಣು ಮುಚ್ಚಿ ಅಂದಾಗ ಕೈ ಬದಲಾಯಿಸಿದರು, ಮುಚ್ಚಿದ್ದು ಮಾತ್ರ ಮತ್ತೆ ಅದೇ ಕಣ್ಣು!

1915ರಲ್ಲಿ ಸಹೋದರ ಚಾರ್ಲ್ಸ್ ಫ್ರಾನ್ಸಿನಲ್ಲಿ ಸತ್ತರು. ಅದೇ ವರ್ಷದ ಕೊನೆಗೆ ಫ್ರಾಂಕ್ ಮೊಣಕಾಲಿಗೆ ಗಾಯ. ಚೇತರಿಸಿಕೊಂಡ ಮೇಲೆ ಅವರಿಗೆ ಫ್ರಾನ್ಸಿನ ಬಂದರು ಲೆ ಹಾವ್ರ್‌ನಲ್ಲಿ ಕಚೇರಿ ಕೆಲಸ ಸಿಗುವುದಿತ್ತು. ಬೇಡ ಅಂದರು. ತಮ್ಮ ಬೆಟಾಲಿಯನ್‌ಗೇ ವಾಪಸ್ ಹೋದರು. 1916ರ ಸೆಪ್ಟೆಂಬರ್ 16, ಫ್ರಾನ್ಸಿನ ಸೊಮ್ ಕದನ, ಕೂರ್ಸ್‌ಲೆಟ್ ಹಳ್ಳಿಯ ಹತ್ತಿರ ಅವರು ಸತ್ತರು. ದೇಹ ಸಿಗಲಿಲ್ಲ. ಫ್ರಾನ್ಸಿನ ವಿಮಿ ಸ್ಮಾರಕದ ಕಲ್ಲಿನ ಮೇಲೆ ಅವರ ಹೆಸರು ಕೆತ್ತಿದ್ದಾರೆ.

1945ರಲ್ಲಿ ದೊಡ್ಡ ಆಟಗಾರರನ್ನು ಗೌರವಿಸುವ ಕೆನಡಾದ ಹಾಕಿ ಹಾಲ್ ಆಫ್ ಫೇಮ್‌ಗೆ ಮೊದಲ ಬಾರಿ ಆಟಗಾರರನ್ನು ಆರಿಸಿದಾಗ, ಆ ಒಂಬತ್ತು ಮಂದಿಯಲ್ಲಿ ಮೆಗೀ ಇದ್ದರು. ಅಷ್ಟರಲ್ಲಿ ಐಸ್ ಹಾಕಿ ಪೂರ್ತಿ ದುಡ್ಡಿನ ಆಟವಾಗಿತ್ತು. ದೊಡ್ಡ ದೊಡ್ಡ ಆಟಗಾರರು ಬಂದುಹೋಗಿದ್ದಾರೆ. ಸ್ಟಾನ್ಲಿ ಕಪ್‌ನ ಒಂದೇ ಪಂದ್ಯದಲ್ಲಿ 14 ಗೋಲು ಇನ್ನೊಬ್ಬರಿಂದ ಆಗಿಲ್ಲ.

ನಮಸ್ಕಾರ.