1500 ಮತ್ತು 3 ಅರ್ಧರ್ಧ ಬೆರೆಸಿದ್ರೆ ಎಷ್ಟು?

[ಪರದೆ: ಬಿಳಿ ಪುಡಿ, ಪಕ್ಕದಲ್ಲಿ ಪಾರದರ್ಶಕ ಎಪಾಕ್ಸಿ]

ನಮಸ್ಕಾರ. ಈ ಬಿಳಿ ಪುಡಿ ಬೇರಿಯಂ ಟೈಟನೇಟ್ ಅನ್ನೋ ಸೆರಾಮಿಕ್. ಇದರ ಡೈಎಲೆಕ್ಟ್ರಿಕ್ ಸ್ಥಿರಾಂಕ ಸಾವಿರದ ಮೇಲೆ. ಲೆಕ್ಕಕ್ಕೆ 1500 ಅಂತ ಇಟ್ಕೊಳ್ಳೋಣ. ಪಕ್ಕದ ಎಪಾಕ್ಸಿ ಒಂದು ಬಗೆಯ ಪ್ಲಾಸ್ಟಿಕ್, ಅದರದು 3 ಅನ್ನೋಣ. ಈ ಸಂಖ್ಯೆ ಹೆಚ್ಚಿದಷ್ಟೂ ಅದೇ ಅಳತೆಯ ಕೆಪಾಸಿಟರ್‌ನಲ್ಲಿ (ಎರಡು ಲೋಹದ ತಟ್ಟೆಗಳ ನಡುವೆ ಚಾರ್ಜ್ ಹಿಡಿದಿಡೋ ಸಾಧನ), ಅದೇ ವೋಲ್ಟೇಜಿಗೆ, ಹೆಚ್ಚು ಚಾರ್ಜ್ ನಿಲ್ಲುತ್ತೆ. ಸದ್ಯಕ್ಕೆ ಅಷ್ಟು ಸಾಕು. ಆದ್ರೆ ಸೆರಾಮಿಕ್ ಬಗ್ಗಿಸಿದ್ರೆ ಮುರಿಯುತ್ತೆ. ಪ್ಲಾಸ್ಟಿಕ್ ಬಗ್ಗುತ್ತೆ, ಜೋರು ವೋಲ್ಟೇಜನ್ನೂ ತಡ್ಕೊಳ್ಳುತ್ತೆ. ಎರಡನ್ನೂ ಅರ್ಧರ್ಧ ಬೆರೆಸಿದ್ರೆ 750ರ ಹತ್ತಿರ ಬರಬೇಕಲ್ವಾ?

ಬರಲ್ಲ. ಎರಡರ ಪದರಗಳನ್ನ ಈ ಲೋಹದ ತಟ್ಟೆಯಿಂದ ಆ ತಟ್ಟೆಗೆ ಮುಟ್ಟೋ ಹಾಗೆ ನೆಟ್ಟಗೆ ನಿಲ್ಲಿಸಿದ್ರೆ, ಹೌದು, ಸುಮಾರು 750. ಅವನ್ನೇ ಒಂದರ ಮೇಲೊಂದು ಮಲಗಿಸಿ ನೋಡಿ. ಬರೋದು 6! ಸಾಮಗ್ರಿ ಅದೇ, ಪ್ರಮಾಣ ಅದೇ.

[ಪರದೆ: ಕಬ್ಬಿಣದ ಸರಳಿನ ತುದಿಗೆ ಕಟ್ಟಿದ ರಬ್ಬರ್]

ಇಲ್ಲಿ ನೋಡಿ. ಸರಳು, ಅದರ ತುದಿಗೆ ರಬ್ಬರ್. ಎಳೀತೀನಿ. ಹಿಗ್ಗಿದ್ದು ಯಾವುದು? ಪೂರ್ತಿ ರಬ್ಬರ್ರೇ. ಸರಳು ಎಷ್ಟು ಗಟ್ಟಿ ಅನ್ನೋದು ಲೆಕ್ಕಕ್ಕೇ ಬರಲಿಲ್ಲ. ಇದು ಬರೀ ಹೋಲಿಕೆ ಅಲ್ಲ, ಎರಡರ ಗಣಿತವೂ ಒಂದೇ: ಸರಳಿನ ಜಾಗದಲ್ಲಿ ಸೆರಾಮಿಕ್ ಪದರ, ರಬ್ಬರಿನ ಜಾಗದಲ್ಲಿ ಎಪಾಕ್ಸಿ ಪದರ, ಹಿಗ್ಗೋ ಜಾಗದಲ್ಲಿ ವೋಲ್ಟೇಜ್, ಗಟ್ಟಿತನದ ಜಾಗದಲ್ಲಿ ಕೆಪಾಸಿಟೆನ್ಸ್, ಅಂದ್ರೆ ಚಾರ್ಜ್ ಹಿಡಿಯೋ ಸಾಮರ್ಥ್ಯ. ಪುಡಿ ಬೆರೆಸಿದಾಗಲೂ ಹೆಚ್ಚುಕಮ್ಮಿ ಹೀಗೇ. ಪ್ರತಿ ಕಣದ ಸುತ್ತ ಪ್ಲಾಸ್ಟಿಕ್ಕಿನ ಪೊರೆ. ಎಪಾಕ್ಸಿಯಲ್ಲಿ ಮುಳುಗಿದ ಒಂಟಿ ದುಂಡು ಕಣದೊಳಗಿನ ವಿದ್ಯುತ್ ಕ್ಷೇತ್ರ ಹೊರಗಿನದರ ಶೇ. 1ಕ್ಕಿಂತ ಕಡಿಮೆ! 1500ರ ಬಲ ಇರೋ ಕಣಕ್ಕೆ ಕೆಲಸವೇ ಸಿಗ್ತಿಲ್ಲ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಅದಕ್ಕೇ ಅರ್ಧದಷ್ಟು ಪುಡಿ ಹಾಕಿದ್ರೂ ಸಾಮಾನ್ಯವಾಗಿ ಸಿಗೋದು ಹತ್ತಾರು, ನೂರಾರಲ್ಲ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳ್ತೀನಿ. ಇನ್ನೂ ಪುಡಿ ಸುರಿಯೋಣ ಅಂದ್ರೆ, ಒಂದೇ ಗಾತ್ರದ ಗೋಲಿಗಳು ಅಡ್ಡಾದಿಡ್ಡಿ ತುಂಬಿದಾಗ ಜಾಗದ ಶೇ. 64ರ ಹತ್ತಿರ ನಿಂತುಬಿಡುತ್ತವೆ. ಆಮೇಲೆ ಸಂದಿಗಳಲ್ಲಿ ಗಾಳಿ ಉಳಿಯುತ್ತೆ, ಅದರ ಸ್ಥಿರಾಂಕ ಬರೀ 1. ಕಣಗಳ ನಡುವಿನ ತೆಳು ಪ್ಲಾಸ್ಟಿಕ್ಕಿನಲ್ಲಿ ಕ್ಷೇತ್ರ ಒತ್ತರಿಸಿಕೊಂಡು ಅಲ್ಲೇ ಸೀಳುತ್ತೆ, ಹಾಗಾಗಿ ತಡ್ಕೊಳ್ಳೋ ವೋಲ್ಟೇಜ್ ಇಳಿಯುತ್ತೆ. ಕೆಪಾಸಿಟರ್‌ನಲ್ಲಿ ಕೂಡಿಡೋ ಶಕ್ತಿಯು ವಿದ್ಯುತ್ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಏರೋದ್ರಿಂದ ಈ ನಷ್ಟ ಸಣ್ಣದಲ್ಲ. ಕಣ ಗಂಟುಕಟ್ಟದೆ ಪ್ಲಾಸ್ಟಿಕ್ಕಿಗೆ ಚೆನ್ನಾಗಿ ಅಂಟಲಿ ಅಂತ ಕಣಗಳ ಮೇಲೆ ಸೈಲೇನ್ ಅನ್ನೋ ಸಿಲಿಕಾನ್ ಸಂಯುಕ್ತ ಲೇಪಿಸ್ತಾರೆ. ಇನ್ನೊಂದು ದಾರಿ ಇದೆ: ದುಂಡು ಕಣ ಬಿಟ್ಟು ಉದ್ದನೆಯ ನ್ಯಾನೋ ತಂತಿಗಳನ್ನ ತಟ್ಟೆಯಿಂದ ತಟ್ಟೆಗೆ ಮುಖ ಮಾಡಿ ನೆಟ್ಟಗೆ ನಿಲ್ಲಿಸೋದು. ಆಗಲೇ ನೋಡಿದ ನಿಂತ ಪದರಗಳ ಕಡೆಗೇ ಇದೂ ಒಂದು ಹೆಜ್ಜೆ.