ಆ ಮಣ್ಣಿಗೆ ಬದಲಿ ಜಾಗ ಎಲ್ಲಿದೆ?

ಕೇಳುಗರೆಲ್ಲರಿಗೂ ನಮಸ್ಕಾರ. ಊರಿನ ನಡುವೆ, ದೊಡ್ಡ ದೊಡ್ಡ ಕಟ್ಟಡಗಳ ಸಂದಿಯಲ್ಲಿ, ಅಕ್ಕಪಕ್ಕದವರೇ ಸೇರಿ ಮಾಡಿಕೊಂಡ ತೋಟಗಳಿರುತ್ತವಲ್ಲ, ಅಂಥದ್ದೊಂದನ್ನು ಮೊನ್ನೆ ನೋಡಿಬಂದೆ. ಗೇಟಿಗೆ ನೋಟಿಸು ಅಂಟಿಸಿದ್ದಾರೆ. ಅಲ್ಲಿ ಕಟ್ಟಡ ಬರುತ್ತದಂತೆ, ತೋಟದವರಿಗೆ ಬೇರೆ ಕಡೆ ಬದಲಿ ಜಾಗ ಕೊಡುತ್ತಾರಂತೆ.

ಬದಲಿ ಜಾಗ ಅನ್ನುವವರು ಒಮ್ಮೆ ಅಲ್ಲಿನ ಮಣ್ಣು ಮುಟ್ಟಿ ನೋಡಬೇಕು. ನಾನು ಕೈ ಹಾಕಿದ ಪಾತಿಯ ಮಣ್ಣು ಕಪ್ಪಗೆ, ಪುಡಿಪುಡಿಯಾಗಿ, ಬೆರಳು ಸಲೀಸಾಗಿ ಇಳಿಯುವ ಹಾಗಿತ್ತು, ಒಂದೇ ಹಿಡಿಯಲ್ಲಿ ಎರಡು ಎರೆಹುಳ. ಪಟ್ಟಣದ ಖಾಲಿ ಸೈಟಿನ ಮಣ್ಣು ಹೀಗಿರಲ್ಲ. ಕೆಡವಿದ ಮನೆಯ ಇಟ್ಟಿಗೆ ಚೂರು, ಗಾಜು, ಎಷ್ಟೋ ಕಡೆ ಹಳೇ ಪೇಂಟಿನಲ್ಲಿದ್ದ ಸೀಸದ ವಿಷ ಕೂಡ ಅದರಲ್ಲಿ ಸೇರಿರುತ್ತದೆ. ಅದಕ್ಕೇ ಹಲಗೆ ಕಟ್ಟಿ, ಪಾತಿ ಎತ್ತರಿಸಿ, ಹೊರಗಿಂದ ಮಣ್ಣು ತಂದು, ತರಕಾರಿ ಸಿಪ್ಪೆ, ಒಣಗಿದ ಎಲೆ ಕೊಳೆಸಿ ವರ್ಷಗಟ್ಟಲೆ ಗೊಬ್ಬರ ಹಾಕುತ್ತಾ ಬರುತ್ತಾರೆ. ಮಣ್ಣನ್ನು ಲಾರಿಯಲ್ಲಿ ಹೇರಿಕೊಂಡು ಹೋಗಬಹುದು ಅನ್ನಿ, ಆದರೆ ವಯಸ್ಸಾದವರು ಕೋಲೂರಿಕೊಂಡು ಬರುವಷ್ಟು ಹತ್ತಿರದಲ್ಲಿ ಇನ್ನೊಂದು ಜಾಗ ಸಿಗುತ್ತಾ?

ಇದು ಹಳೇ ಕಥೆ. ನ್ಯೂಯಾರ್ಕಿನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ಕಸ ತುಂಬಿದ್ದ ಒಂದು ಮೂಲೆಯನ್ನು ಚೊಕ್ಕ ಮಾಡಿ ತೋಟ ಬೆಳೆಸಿದರು. ಆಮೇಲೆ ಊರೆಲ್ಲ ಅಂಥ ತೋಟಗಳೆದ್ದವು. ಯಾರಿಗೂ ಬೇಡವಾಗಿದ್ದ ಜಾಗ ಚೆಂದವಾಯಿತು, ಸುತ್ತಲಿನ ಬೆಲೆ ಏರಿತು, ಆಗ ಎಲ್ಲರಿಗೂ ಬೇಕಾಯಿತು! 1999ರಲ್ಲಿ ನೂರಕ್ಕೂ ಜಾಸ್ತಿ ತೋಟಗಳನ್ನು ಹರಾಜಿಗಿಡಲು ಅಲ್ಲಿನ ನಗರಾಡಳಿತ ಹೊರಟಿತ್ತು. ಜನ ಬೀದಿಗಿಳಿದರು, ಕೊನೆಗೆ ಎರಡು ಸಂಸ್ಥೆಗಳು ಸುಮಾರು 42 ಲಕ್ಷ ಡಾಲರ್ ಕೊಟ್ಟು ಅವನ್ನು ಉಳಿಸಿಕೊಂಡವು. ಅಂಥ ಅದೃಷ್ಟ ಲಾಸ್ ಏಂಜಲೀಸಿನ ಸೌತ್ ಸೆಂಟ್ರಲ್ ಫಾರ್ಮಿಗೆ ಇರಲಿಲ್ಲ. 14 ಎಕರೆ, ಸುಮಾರು 350 ಕುಟುಂಬಗಳ ಬೆಳೆ. ಜಮೀನು ಖಾಸಗಿಯವರ ಕೈಗೆ ಹೋಗಿತ್ತು, 2006ರ ಜೂನಿನಲ್ಲಿ ಪೊಲೀಸರು ಜನರನ್ನು ಹೊರಹಾಕಿದರು, ಬುಲ್ಡೋಜರ್ ಬಂತು.

ಮನೆ ಕಟ್ಟಬೇಡಿ ಅಂತ ನಾನು ಹೇಳುತ್ತಿಲ್ಲ. ಬಾಡಿಗೆ ಕಟ್ಟಲಾಗದೆ ಒದ್ದಾಡುವವರಿಗೆ ಸೂರು ಬೇಕೇ ಬೇಕು, ತೋಟದವರಲ್ಲೂ ಅಂಥವರೇ ಜಾಸ್ತಿ. ಆದರೆ ಸುತ್ತ ಅಷ್ಟೊಂದು ಪಾರ್ಕಿಂಗ್ ಜಾಗ, ಪಾಳುಬಿದ್ದ ಗೋಡೌನು ಇರುವಾಗ ಮೊದಲು ಕಣ್ಣು ಬೀಳುವುದು ತೋಟದ ಮೇಲೇ ಯಾಕೆ? ಇದನ್ನು ಅಹವಾಲು ಸಭೆಯಲ್ಲೇ ಎದ್ದು ನಿಂತು ಕೇಳಬೇಕು.

ನಿಮ್ಮ ಹತ್ತಿರವೂ ಇಂಥ ತೋಟವಿದ್ದರೆ ಸುಮ್ನೆ ಒಂದು ಸಲ ಹೋಗಿ ಬನ್ನಿ. ಜಾಗ ಯಾರ ಹೆಸರಿನಲ್ಲಿದೆ, ಗುತ್ತಿಗೆ ಯಾವಾಗ ಮುಗಿಯುತ್ತದೆ ಅಂತ ಅಲ್ಲಿನವರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಜೊತೆಯಲ್ಲಿ ಕೂತು ಕಾಗದಪತ್ರ ಹುಡುಕಿ, ಈಗಲೇ. ನೋಟಿಸು ಬಂದ ಮೇಲೆ ಸಿಗುವ ಸಮಯ ಬಹಳ ಕಡಿಮೆ. ನಮಸ್ಕಾರ.